‘ವೆಬ್‌ಸೈಟ್‌ನಲ್ಲೇ ಇದೆ’ ಎನ್ನುವ ಸ್ಕ್ರೀನ್‌ಶಾಟ್ ನಂಬಬಹುದೇ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್‌ನ ಹೂವಿನ ದರಪಟ್ಟಿಯ ಸ್ಕ್ರೀನ್‌ಶಾಟ್ ಒಂದು ಫಾರ್ವರ್ಡ್ ಆಗಿ ಬಂತು ಎಂದುಕೊಳ್ಳಿ. ‘ವೆಬ್‌ಸೈಟ್‌ನಲ್ಲೇ ಇದೆ’ ಎಂಬ ಸಾಲೂ ಜೊತೆಗಿದೆ. ಅಷ್ಟಕ್ಕೇ ನಾವು ನಂಬಬೇಕಿಲ್ಲ. ಏಕೆ?

ಕೆಲವು ವೆಬ್ ಪುಟಗಳ ಮಾಹಿತಿ ಎಕ್ಸ್‌ಎಂಎಲ್ ಕಡತದಲ್ಲಿರುತ್ತದೆ. ಅದನ್ನು ಪಟ್ಟಿಯ ರೂಪಕ್ಕೆ ತರುವುದು ಸ್ಟೈಲ್‌ಶೀಟ್; ಅದನ್ನು ಬರೆಯುವ ಎಕ್ಸ್‌ಎಸ್‌ಎಲ್‌ಟಿ ಭಾಷೆ 1999ರಲ್ಲಿ ಬಂತು. ಬುಟ್ಟಿಯಲ್ಲಿರುವ ಬಿಡಿ ಹೂವು ಎಕ್ಸ್‌ಎಂಎಲ್, ಕಟ್ಟುವ ಬಗೆ ಸ್ಟೈಲ್‌ಶೀಟ್, ನಮಗೆ ಕಾಣುವ ಪುಟ ಕಟ್ಟಿದ ಹೂವು. ಪುಟದೊಳಗಿನ ಜಾವಾಸ್ಕ್ರಿಪ್ಟ್ ಕೈಗೆ ಸಿಗುವುದು ಕಟ್ಟಿದ ಹೂವು ಮಾತ್ರ. ಬಿಡಿ ಹೂವು ಬೇಕೆಂದರೆ ಅದು ಮತ್ತೆ ಬುಟ್ಟಿಗೇ ಹೋಗಬೇಕು, ಅಂದರೆ ಮೂಲ ಕಡತವನ್ನು ಇನ್ನೊಮ್ಮೆ ತರಿಸಿಕೊಳ್ಳಬೇಕು.

ಯಾರಾದರೂ ತಮ್ಮ ಬ್ರೌಸರ್‌ನಲ್ಲಿ ಒಂದು ಸಾಲು ಜಾವಾಸ್ಕ್ರಿಪ್ಟ್ ಬರೆದು ಮಲ್ಲಿಗೆಯ ದರ 800ನ್ನು 8000 ಮಾಡಿದರೆ ಬದಲಾಗುವುದು ಅವರ ತೆರೆ ಮಾತ್ರ. ಮೂಲ ಕಡತ ಹಾಗೇ ಇರುತ್ತದೆ. ಸ್ಕ್ರೀನ್‌ಶಾಟ್ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ.

ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕೂಡ ಎಕ್ಸ್‌ಎಂಎಲ್ ಕಡತವೇ. ಅದರಲ್ಲಿ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ. ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಸ್ಕ್ರೀನ್‌ಶಾಟ್‌ಗೆ ಅಂಥ ಕಾವಲಿಲ್ಲ.

ಹಂಚುವ ಮುನ್ನ ವಿಳಾಸವನ್ನು ನಾವೇ ಟೈಪ್ ಮಾಡಿ ಪುಟ ತೆರೆದು ನೋಡೋಣ.