ಬ್ಯಾಟರಿ ಹೋದ್ರ ಕ್ಯಾಮೆರಾ ಯಾಕ ಒಗೀಬೇಕ್ರಿ?

‘ಒರಿಜಿನಲ್ ಬ್ಯಾಟರಿ ಸಿಗಂಗಿಲ್ಲ, ಹಳೇ ಕ್ಯಾಮೆರಾ ಒಗದುಬಿಡ್ರಿ’ ಅಂತಾರ ಅಂಗಡಿಯವ್ರು. ಸೆಲ್ ತೀರಿತಂತ ಗಡಿಯಾರ ಒಗೀತೀವೇನ್ರಿ?

ನಮ್ಮ ಮನ್ಯಾಗಿನ ಕ್ಯಾನನ್ನಿಗೆ ಎನ್‌ಬಿ-4ಎಲ್ ಬ್ಯಾಟರಿ: 3.7 ವೋಲ್ಟ್, 760 ಎಂಎಎಚ್. ಬ್ಯಾರೆಯವರು ಮಾಡಿದ್ದಾದ್ರೂ ಅದೇ ನಮೂನಿ, ಅದೇ ವೋಲ್ಟ್ ಇದ್ದು, ಮಾಡಿದವರ ಹೆಸರು, ಗ್ಯಾರಂಟಿ ಇದ್ರ ಧೈರ್ಯಾಗಿ ಹಾಕ್ರಿ. ವರ್ಷಗಟ್ಟಲೆ ಕಪಾಟಿನ್ಯಾಗ ಕುಂತ ‘ಒರಿಜಿನಲ್’ಗೆ ಜಾಸ್ತಿ ರೊಕ್ಕ ಯಾಕ? ಲಿಥಿಯಂ ಬ್ಯಾಟರಿ ಬಳಸದಿದ್ರೂ ಮುಪ್ಪಾಗ್ತದ.

ಹಂಗಂತ ಅಗ್ಗದ್ದೆಲ್ಲಾ ಛಲೋ ಅಲ್ಲ. ಅಷ್ಟೇ ಸೈಜಿನ ಮ್ಯಾಲ 1500 ಅಂತ ಬರದಿದ್ರ ನಂಬಬ್ಯಾಡ್ರಿ. ಉಬ್ಬಿದ್ದನ್ನ ತುರುಕಬ್ಯಾಡ್ರಿ, ಚಾರ್ಜಿಗೂ ಹಾಕಬ್ಯಾಡ್ರಿ, ಇ-ತ್ಯಾಜ್ಯದವರಿಗೆ ಕೊಡ್ರಿ.

ಮಕ್ಕಳ ಸಣ್ಣಂದಿನ ಫೋಟೋ ತಗದ ಕ್ಯಾಮೆರಾ ಇನ್ನೂ ಗಟ್ಟಿ ಅದ. ಬ್ಯಾಟರಿ ನೆವಾ ಮಾಡಿ ನಾನಂತೂ ಅದನ್ನ ಒಗ್ಯಾಂಗಿಲ್ಲ.