ಬೇಸ್ ಗಿಟಾರೂ ಎಳೆಯ ಬೆರಳೂ

ವಿಂಡಮ್ ವೇಲ್‌ನ ನಮ್ಮ ವಾದ್ಯವೃಂದಕ್ಕೆ ಬಳಸಿದ ಬೇಸ್ ಗಿಟಾರನ್ನೇ ಕೊಳ್ಳೋಣ; ಆದರೆ ಸರಿಪಡಿಸದೆ ಮಕ್ಕಳ ಕೈಗೆ ಕೊಡುವುದು ಬೇಡ. ಕಳೆದ ಬಾರಿ ಹಾಗೆ ಕೊಟ್ಟೆವು. ತಂತಿಗಳು ತೀರ ಎತ್ತರದಲ್ಲಿದ್ದವು; ಒತ್ತಿ ಒತ್ತಿ ಬೆರಳು ನೊಂದ ಹುಡುಗಿಯೊಬ್ಬಳು ಎರಡೇ ವಾರದಲ್ಲಿ ಅಭ್ಯಾಸ ಬಿಟ್ಟಳು. ವೈದ್ಯರಾದ ನಾವು ಬೆರಳನ್ನು ಪರೀಕ್ಷಿಸಿದೆವು, ವಾದ್ಯವನ್ನಲ್ಲ!

ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಕತ್ತನ್ನು ನೋಡಬೇಕು: ಅತಿಯಾಗಿ ಬಾಗಿದೆಯೇ, ಅದರೊಳಗಿನ ಸರಳಿನ ತಿರುಪು ಇನ್ನೂ ತಿರುಗುತ್ತದೆಯೇ? ಹೊಸ ತಂತಿ ಬಿಗಿದು, ಶ್ರುತಿಗೂಡಿಸಿ, ಕತ್ತಿನ ಬಾಗು ತಿದ್ದಿದ ಬಳಿಕವೇ ಬ್ರಿಡ್ಜಿನಲ್ಲಿ ತಂತಿಯ ಎತ್ತರ ತಗ್ಗಿಸುವುದು. ಕೊನೆಗೆ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರವೂ ಅಲ್ಲಿಯೇ ಹಗುರವಾಗಿ ಸೋಕಿ ಮೀಟಿದ ಸ್ವರವೂ ಒಂದಾಗಬೇಕು. ಚಿಕ್ಕ ಕೈಗಳಿಗೆ ವಾಡಿಕೆಯ 34 ಅಂಗುಲದ ಅಳತೆಗಿಂತ 30 ಅಂಗುಲದ್ದು ಲೇಸು.

ಊರಿನಿಂದ ತಂದ ವೀಣೆಗೆ ಹಣ ತೆತ್ತು ಮೇಳ ಕಟ್ಟಿಸುತ್ತೇವೆ, ಗಿಟಾರಿಗೇಕೆ ಜಿಪುಣತನ? ರಾಜ್ಯೋತ್ಸವಕ್ಕೆ ಆ ಹುಡುಗಿಯನ್ನು ಮತ್ತೆ ಕರೆಯಲಿದ್ದೇವೆ.