ಸರದಿಯ ಕಾವಲು

ಗಂಡನ ನಿವೃತ್ತಿಯ ದಿನ ಹತ್ತಿರವಾಗುತ್ತಿರುವ ಸೋದರಿಯರೊಂದಿಗೆ ಈ ತಿಂಗಳು ಸ್ವಲ್ಪ ಮಾತನಾಡಬೇಕಾಗಿದೆ. ಸರಕಾರಿ ಕಚೇರಿಯಿಂದಲೋ, ಮೂವತ್ತು ವರ್ಷದ ಗಲ್ಫ್ ದುಡಿಮೆಯಿಂದಲೋ ಅವರು ಕೊನೆಗೂ ಮನೆಗೆ ಬರುತ್ತಾರೆ. ಅಷ್ಟರಲ್ಲಿ ಮಕ್ಕಳ ಓದು ಮುಗಿದಿರುತ್ತದೆ, ಮನೆಯ ಸಾಲ ತೀರಿರುತ್ತದೆ, ಮಗಳ ನಿಕಾಹ್ ಕೂಡಾ ಆಗಿರುತ್ತದೆ. ಆಮೇಲೆ ನೀವಿಬ್ಬರೂ ಕುಳಿತು ಏನು ಮಾತನಾಡುವಿರಿ? ಅಡುಗೆ ಮನೆಗೆ ಬಂದು "ಈ ಡಬ್ಬಿ ಇಲ್ಲಿ ಯಾಕೆ ಇಟ್ಟಿದ್ದೀ?" ಎಂದು ವಿಚಾರಣೆ ನಡೆಸುವ ನಿವೃತ್ತ ಗಂಡಂದಿರ ಬಗ್ಗೆ ನಾನು ಹೇಳಬೇಕಾಗಿಲ್ಲ, ನಿಮಗೇ ಗೊತ್ತು!

ಪಶ್ಚಿಮದ ದೇಶಗಳಲ್ಲಿ ಕೆಲವು ದಂಪತಿಗಳು ನಿವೃತ್ತಿಯ ನಂತರ ವಿಚಿತ್ರವಾದ ಹಾದಿ ಹಿಡಿಯುತ್ತಾರೆ. ಹಾಯಿದೋಣಿಯೊಂದನ್ನು ಕೊಂಡು, ಅದನ್ನೇ ಮನೆ ಮಾಡಿಕೊಂಡು, ಗಾಳಿಯ ಬಲದಿಂದ ದೇಶದಿಂದ ದೇಶಕ್ಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಾಗುತ್ತಾರೆ. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಊರಿನ ಪೌಲ್ ಮತ್ತು ರೇಚಲ್ ಚಾಂಡ್ಲರ್ ಅಂಥವರು. ಅವರ ದೋಣಿಯ ಹೆಸರು 'ಲಿನ್ ರೈವಲ್', ಉದ್ದ 38 ಅಡಿ. ನಮ್ಮ ಕೆಲವು ಮನೆಗಳ ಚಾವಡಿಯೇ ಅಷ್ಟಿರುತ್ತದೆ. ಅಷ್ಟರೊಳಗೆ ಮಲಗುವುದು, ಬೇಯಿಸುವುದು, ಜಗಳವಾಡುವುದು ಎಲ್ಲವೂ. ಮುನಿಸಿಕೊಂಡು ತವರಿಗೆ ಹೋಗುತ್ತೇನೆ ಎನ್ನುವಂತಿಲ್ಲ, ಸುತ್ತಲೂ ನೀರು!

ಇಂಥ ದೋಣಿಯ ಸಂಸಾರ ಹೇಗಿರುತ್ತದೆಂಬುದು ತಿಳಿಯಬೇಕಾದದ್ದೇ. ಅಲೆಗೆ ದೋಣಿ ವಾಲಿದರೂ ಪಾತ್ರೆ ಮಗುಚಬಾರದೆಂದು ಒಲೆಯನ್ನು ತೊಟ್ಟಿಲಿನಂತೆ ತೂಗುಬಿಟ್ಟಿರುತ್ತಾರೆ. ಕುಡಿಯುವ ನೀರನ್ನು ಅಳೆದು ಬಳಸುತ್ತಾರೆ. ಪಾತ್ರೆಗಳನ್ನು ಮೊದಲು ಉಪ್ಪು ನೀರಿನಲ್ಲಿ ತೊಳೆಯುವವರೇ ಹೆಚ್ಚು. ಮಳೆ ಬಂದರೆ ಹಾಯಿಯಿಂದ ಇಳಿಯುವ ನೀರನ್ನು ಹಿಡಿದಿಡುವವರೂ ಇದ್ದಾರೆ. ಫ್ರಿಜ್ಜಿನ ಹಂಗಿಲ್ಲದೆ ಮೊಟ್ಟೆಯನ್ನು ವಾರಗಟ್ಟಲೆ ಕೆಡದಂತಿಡಲು ಎರಡು ಮೂರು ದಿನಕ್ಕೊಮ್ಮೆ ತಿರುಗಿಸಿಡುತ್ತಾರೆ. ಹಾಯಿ ಹರಿದರೆ ದರ್ಜಿಯಂಗಡಿ ಎಲ್ಲಿಂದ ಬರಬೇಕು? ತಾವೇ ಸೂಜಿ ದಾರ ಹಿಡಿದು ಕೂರಬೇಕು.

ಆದರೆ ನನ್ನ ಗಮನ ಸೆಳೆದದ್ದು ರಾತ್ರಿಯ ಕಾವಲು. ನಡು ಕಡಲಿನಲ್ಲಿ ಲಂಗರು ಹಾಕಿ ನಿದ್ದೆ ಹೋಗುವಂತಿಲ್ಲ, ಅಲ್ಲಿ ತಳವೇ ಸಿಗದಷ್ಟು ಆಳ. ದೋಣಿ ರಾತ್ರಿಯೂ ಸಾಗುತ್ತಲೇ ಇರುತ್ತದೆ. ಆದ್ದರಿಂದ ಇಬ್ಬರಲ್ಲಿ ಒಬ್ಬರು ಎಚ್ಚರವಿರಲೇಬೇಕು. ಮೂರೋ ನಾಲ್ಕೋ ಗಂಟೆ ಇವರ ಸರದಿ, ಮತ್ತೆ ಅವರ ಸರದಿ. ದೊಡ್ಡ ಹಡಗು ಅಡ್ಡ ಬರುತ್ತಿದೆಯೇ, ಗಾಳಿ ದಿಕ್ಕು ಬದಲಿಸಿತೇ ಎಂದು ನೋಡುತ್ತಾ ಕತ್ತಲಲ್ಲಿ ಒಬ್ಬರೇ ಕೂರಬೇಕು. ಮಲಗಿದವರ ಪ್ರಾಣ ಎಚ್ಚರವಿದ್ದವರ ಕೈಯಲ್ಲಿ. ಗಂಡ ಕಾಲು ಜಾರಿ ನೀರಿಗೆ ಬಿದ್ದರೆ ಹಾಯಿ ಇಳಿಸಿ, ದೋಣಿ ತಿರುಗಿಸಿ ಅವನನ್ನು ಮೇಲೆತ್ತಬೇಕಾದವಳು ಹೆಂಡತಿ. ಆದ್ದರಿಂದ ನಕಾಶೆ ಓದುವುದರಿಂದ ಹಿಡಿದು ಇಂಜಿನ್ ಚಾಲೂ ಮಾಡುವವರೆಗೆ "ಅದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ ಯಾವ ಕಪಾಟಿನಲ್ಲಿದೆ ಎಂಬುದೂ ತಿಳಿಯದೆ ಇದ್ದಕ್ಕಿದ್ದಂತೆ ವಿಧವೆಯರಾದ ಎಷ್ಟೋ ಸೋದರಿಯರು ನಮ್ಮ ನಡುವೆಯೇ ಇದ್ದಾರಲ್ಲವೇ?

2009ರ ಅಕ್ಟೋಬರ್‌ನಲ್ಲಿ ಚಾಂಡ್ಲರ್ ದಂಪತಿ ಸೀಷೆಲ್ಸ್ ದ್ವೀಪಗಳಿಂದ ತಾಂಜಾನಿಯಾ ಕಡೆಗೆ ಹೊರಟರು. 23ರ ನಸುಕಿನಲ್ಲಿ, ಸುಮಾರು ಎರಡೂವರೆ ಗಂಟೆಗೆ, ಪೌಲ್ ನಿದ್ದೆಯಲ್ಲಿದ್ದರು. ಕಾವಲಿನ ಸರದಿ ರೇಚಲ್‌ರದ್ದು. ಆಗ ಬಂದೂಕುಧಾರಿಗಳು ದೋಣಿ ಹತ್ತಿದರು. ಸೊಮಾಲಿಯಾದ ಕಡಲ್ಗಳ್ಳರು. ಅಪಾಯದ ಸಂಕೇತವೇನೋ ಹೊರಟಿತು, ಆದರೆ ರಕ್ಷಣೆ ಸಿಗಲಿಲ್ಲ. ಇಬ್ಬರನ್ನೂ ಸೊಮಾಲಿಯಾಕ್ಕೆ ಒಯ್ದು ಒತ್ತೆ ಇಟ್ಟರು. ಕೇಳಿದ ಹಣ 70 ಲಕ್ಷ ಡಾಲರ್!

ಅವರು ಸೆರೆಯಲ್ಲಿ ಕಳೆದದ್ದು 388 ದಿನಗಳು. ಹೊಡೆತ, ಬೆದರಿಕೆ ಎಲ್ಲವೂ ಇತ್ತು. 2010ರ ಜನವರಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕಡೆ ಇಡಲು ಹೊರಟಾಗ ಅವರು ಬಿಡಲೊಪ್ಪಲಿಲ್ಲ. ಬಂದೂಕಿನ ಹಿಡಿಯಿಂದ ಹೊಡೆದು ಬೇರ್ಪಡಿಸಿದರು. ಅದೇ ತಿಂಗಳು ಸೊಮಾಲಿ ವೈದ್ಯರೊಬ್ಬರು ಹೋಗಿ ಇಬ್ಬರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಅವರ ದಯನೀಯ ಸ್ಥಿತಿಯನ್ನು ಹೊರಗಿನ ಲೋಕಕ್ಕೆ ತಿಳಿಸಿದರು. ಹಗಲಿರುಳು ಒಬ್ಬರನ್ನೊಬ್ಬರು ಕಾಯುತ್ತಿದ್ದವರಿಗೆ ಆ ಅಗಲಿಕೆ ಹೇಗಿದ್ದೀತು, ನೀವೇ ಊಹಿಸಿ. ತಿಂಗಳುಗಳ ನಂತರವಷ್ಟೇ ಅವರನ್ನು ಮತ್ತೆ ಒಟ್ಟಿಗೆ ಬಿಟ್ಟರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಿಡಿದವರು ಮುಸ್ಲಿಮ್ ಹೆಸರಿನವರು. 1991ರಲ್ಲಿ ಸೊಮಾಲಿಯಾದ ಸರಕಾರ ಕುಸಿದ ಮೇಲೆ ಆ ಕಡಲನ್ನು ಕಾಯುವವರಿರಲಿಲ್ಲ, ವಿದೇಶಿ ಟ್ರಾಲರುಗಳು ಬಂದು ಮೀನನ್ನು ದೋಚಿದವು ಎಂಬುದು ನಿಜ. ಆದರೆ ಆ ಅನ್ಯಾಯಕ್ಕೂ ಈ ವಯಸ್ಸಾದ ದಂಪತಿಗೂ ಏನು ಸಂಬಂಧ? ಹಣಕ್ಕಾಗಿ ನಿರಪರಾಧಿಗಳನ್ನು ಒತ್ತೆ ಇಡುವುದು ಹರಾಮ್, ಅದಕ್ಕೆ ನೆಪ ಹುಡುಕುವ ಅಗತ್ಯವಿಲ್ಲ. ಅವರ ಬಿಡುಗಡೆಗಾಗಿ ಬ್ರಿಟನ್ನಿನ ಸೊಮಾಲಿ ಮುಸ್ಲಿಮರು ಬಹಿರಂಗವಾಗಿ ಮೊರೆಯಿಟ್ಟರು. 2010ರ ಜೂನ್‌ನಲ್ಲಿ ಕುಟುಂಬದವರು ಕೂಡಿಸಿದ ಹಣವನ್ನು ವಿಮಾನದಿಂದ ಹಾಕಿದರೂ ಕಳ್ಳರು ಮಾತಿಗೆ ತಪ್ಪಿದ್ದರು. ಕೊನೆಗೆ ಬಿಡುಗಡೆಯ ಮಾತುಕತೆಗೆ ಓಡಾಡಿದವರಲ್ಲಿ ಪೂರ್ವ ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಒಬ್ಬ ಸೊಮಾಲಿಯೂ ಇದ್ದರು. ಕಳ್ಳರ ಸುದ್ದಿಯಾದಷ್ಟು ಇಂಥವರ ಸುದ್ದಿ ಆಗಲಿಲ್ಲ ಎಂಬುದು ಬೇರೆ ಮಾತು.

2010ರ ನವೆಂಬರ್ 14ರಂದು ಅವರು ಬಿಡುಗಡೆಯಾದರು. ಹೊರಬಂದ ಪೌಲ್‌ಗೆ ಕಾದಿದ್ದದ್ದು ತಂದೆಯ ಮರಣವಾರ್ತೆ. ವೃದ್ಧ ತಂದೆ ಮಗನ ಮುಖ ಕಾಣದೆ ತೀರಿಕೊಂಡಿದ್ದರು. ಇದನ್ನು ಓದಿದಾಗ ನನಗೆ ಈ ದಂಪತಿಯ ಮೇಲೆ ಸ್ವಲ್ಪ ಸಿಟ್ಟೂ ಬಂತು. ಆ ಕಡಲಿನಲ್ಲಿ ಕಳ್ಳರಿದ್ದಾರೆಂಬುದು ಆಗ ಗುಟ್ಟೇನೂ ಆಗಿರಲಿಲ್ಲ. ಇಬ್ಬರ ಆಸೆಯ ಬೆಲೆಯನ್ನು ಮನೆಯವರೆಲ್ಲ ತೆರಬೇಕಾಯಿತು.

ಬ್ರಿಟಿಷ್ ನೌಕಾಪಡೆಗೆ ಸಿಕ್ಕಿದ್ದ ಲಿನ್ ರೈವಲ್ ಇಂಗ್ಲೆಂಡಿಗೆ ಮರಳಿತ್ತು. ದೋಣಿಯನ್ನು ಮಾರಿ ಬಿಡುತ್ತಾರೆಂದು ನೀವು ಎಣಿಸಿರಬಹುದು, ನಾನೂ ಹಾಗೆಯೇ ಎಣಿಸಿದ್ದೆ. ಅವರು ಅದನ್ನು ರಿಪೇರಿ ಮಾಡಿಸಿದರು. 2012ರಲ್ಲಿ ಡಾರ್ಟ್‌ಮತ್ ಬಂದರಿನಿಂದ, ಈ ಸಲ ಅಟ್ಲಾಂಟಿಕ್ ಕಡೆಗೆ, ಅದೇ ಇಬ್ಬರು ಅದೇ ದೋಣಿಯಲ್ಲಿ ಹೊರಟರು. ರೇಚಲ್ ಮತ್ತೆ ಕತ್ತಲಲ್ಲಿ ಕಾವಲು ಕೂರಲು ಒಪ್ಪಿದ್ದಾದರೂ ಹೇಗೆ ಎಂದು ನಾನು ಈಗಲೂ ಯೋಚಿಸುತ್ತಿರುತ್ತೇನೆ.